ಅಕ್ಕಿಮುಡಿ ಎತ್ತುವ ಮರಿಹುಲಿ: ಮನೆಯಲ್ಲೇ ಸ್ಟಾಪ್ ಮೋಷನ್ ಕಿರುಚಿತ್ರ ಮಾಡುವ ಬಗೆ

ಉಡುಪಿಯಲ್ಲಿ ಮಳೆ ಹಿಡಿದು ಜಿಲ್ಲಾಧಿಕಾರಿಗಳು ಶಾಲೆಗಳಿಗೆ ರಜೆ ಕೊಟ್ಟ ದಿನ ಮನೆಮಂದಿಯೆಲ್ಲ ಒಳಗೇ ಇರಬೇಕಾಗುತ್ತದೆ. ಒಂದು ಸ್ಮಾರ್ಟ್‌ಫೋನ್, ಅದನ್ನು ಗಟ್ಟಿಯಾಗಿ ಹಿಡಿಯುವ ಸ್ಟ್ಯಾಂಡ್, ಎರಡು ಟೇಬಲ್ ಲ್ಯಾಂಪ್, ಒಂದಿಷ್ಟು ತಂತಿ ಮತ್ತು ಹಳೆಯ ಬಟ್ಟೆ ಇದ್ದರೆ ಅಂಥ ದಿನಗಳಲ್ಲಿ ಒಂದು ಗೊಂಬೆ ಸಿನಿಮಾ ಮಾಡಿ ಮುಗಿಸಬಹುದು. ಗೊಂಬೆಯನ್ನು ಕೂದಲೆಳೆಯಷ್ಟು ಸರಿಸಿ ಒಂದು ಫೋಟೋ, ಮತ್ತೆ ಸರಿಸಿ ಇನ್ನೊಂದು ಫೋಟೋ. ಹೀಗೆ ತೆಗೆದ ಚಿತ್ರಗಳನ್ನು ಸೆಕೆಂಡಿಗೆ 12ರಂತೆ ಓಡಿಸಿದರೆ ಗೊಂಬೆ ತಾನೇ ನಡೆದಂತೆ ಕಾಣುತ್ತದೆ. ಇದೇ ಸ್ಟಾಪ್ ಮೋಷನ್. ಥಿಯೇಟರಿನ ಸಿನಿಮಾ ಸೆಕೆಂಡಿಗೆ 24 ಚಿತ್ರ ತೋರಿಸುತ್ತದೆ. ಮನೆಯ ಕೆಲಸಕ್ಕೆ ಅದರ ಅರ್ಧ ಸಾಕು.

ಮೊದಲ ಪ್ರಯತ್ನಗಳು ಕೆಡುವುದು ಗೊಂಬೆ ಚೆಂದ ಇಲ್ಲದ್ದಕ್ಕೆ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಕ್ಯಾಮೆರಾ ಒಂದು ಚೂರು ಕದಲಿರುತ್ತದೆ, ಬೆಳಕು ಏರಿಳಿದಿರುತ್ತದೆ, ಟೇಬಲ್ಲಿಗೆ ಮೊಣಕೈ ತಾಗಿರುತ್ತದೆ. ಅಲುಗಬಾರದ್ದನ್ನೆಲ್ಲ ಮೊದಲು ಕಟ್ಟಿಹಾಕಬೇಕು, ಗೊಂಬೆಗೆ ಕೈ ಹಾಕುವುದು ಆಮೇಲೆ. ಈ ಮಾರ್ಗದರ್ಶಿಯಲ್ಲಿ ಅರ್ಧಕ್ಕರ್ಧ ಅದೇ ವಿಷಯ ಇದೆ. ಅದನ್ನು ಹಾರಿಸಿ ಮುಂದೆ ಹೋಗಬೇಡಿ.

ಕತೆ: 30 ಸೆಕೆಂಡು, ಒಂದೇ ಘಟನೆ

30 ಸೆಕೆಂಡಿನ ಚಿತ್ರ ಎಂದರೆ 360 ಫೋಟೋ. ಎರಡು ನಿಮಿಷ ಎಂದರೆ 1,440. ದೊಡ್ಡ ಸ್ಟುಡಿಯೋಗಳಲ್ಲೂ ಒಬ್ಬ ಅನಿಮೇಟರ್ ದಿನವಿಡೀ ದುಡಿದರೆ ಕೈಗೆ ಬರುವುದು ಕೆಲವೇ ಸೆಕೆಂಡುಗಳು. ಆದ್ದರಿಂದ ಮೊದಲ ಚಿತ್ರಕ್ಕೆ ರಾಮಾಯಣ ಬೇಡ. ಒಬ್ಬನೇ ಪಾತ್ರಧಾರಿ, ಒಂದೇ ಜಾಗ, ಮಾತಿಲ್ಲದೆ ಅರ್ಥವಾಗುವ ಒಂದೇ ಘಟನೆ ಸಾಕು.

ನಾನು ಇಲ್ಲಿ ಹಿಡಿದಿರುವ ಉದಾಹರಣೆ ಕೃಷ್ಣಾಷ್ಟಮಿಯ ಹುಲಿವೇಷ, ಮೈಗೆ ಹುಲಿಯ ಬಣ್ಣ ಬಳಿದು ಕುಣಿಯುವ ಕುಣಿತ. ಕುಣಿತದ ನಡುವೆ ಗಟ್ಟಿಗ ವೇಷಧಾರಿಯೊಬ್ಬ ಅಕ್ಕಿಮುಡಿಯನ್ನು (ಬೈಹುಲ್ಲಿನಲ್ಲಿ ಬಿಗಿದು ಕಟ್ಟಿದ ಅಕ್ಕಿಯ ಮೂಟೆ) ಹಲ್ಲಿನಲ್ಲಿ ಕಚ್ಚಿ ಎತ್ತಿ, ತಲೆಯ ಮೇಲಿಂದ ಹಿಂದಕ್ಕೆ ಎಸೆಯುವುದನ್ನು ಕರಾವಳಿಯವರೆಲ್ಲ ಕಂಡವರೇ. ಒಂದು ಮುಡಿ 40 ಕಿಲೋ ಆಸುಪಾಸು ತೂಗುತ್ತದೆ. ನಮ್ಮ ಚಿತ್ರದಲ್ಲಿ ಒಂದು ಮರಿಹುಲಿ ಆ ಮುಡಿಗೆ ಬಾಯಿ ಹಾಕುತ್ತದೆ. ಎರಡು ಸಲ ಆಗುವುದಿಲ್ಲ, ಮೂರನೆಯ ಸಲ ಆಗುತ್ತದೆ. ಈ ಕತೆಯನ್ನೇ ಆರಿಸಲು ಕಾರಣವಿದೆ. ಸ್ಟಾಪ್ ಮೋಷನ್ನಿನಲ್ಲಿ ಅತ್ಯಂತ ಕಷ್ಟದ ಪಾಠ ತೂಕವನ್ನು ತೋರಿಸುವುದು. ಹತ್ತು ಗ್ರಾಂ ಇಲ್ಲದ ವಸ್ತು ಪರದೆಯ ಮೇಲೆ 40 ಕಿಲೋ ಅನ್ನಿಸಬೇಕು. ಅದು ಕೈಗೆ ಬಂದರೆ ಉಳಿದದ್ದೆಲ್ಲ ತಾನಾಗಿ ಬರುತ್ತದೆ.

ಒಂದು ಹಾಳೆಯಲ್ಲಿ ಆರು ಚೌಕ ಎಳೆದು ಶಾಟ್‌ಗಳನ್ನು ಬಿಡಿಸಿಕೊಳ್ಳಿ. ಕಡ್ಡಿಬೊಂಬೆಯ ಚಿತ್ರವಾದರೂ ಸಾಕು.

1. ರಥಬೀದಿ, ಹುಲಿ ಕುಣಿಯುತ್ತ ಬರುತ್ತದೆ: 4 ಸೆಕೆಂಡು, 48 ಚಿತ್ರ
2. ಮುಡಿಯ ಹತ್ತಿರದ ನೋಟ: 2 ಸೆಕೆಂಡು, 24 ಚಿತ್ರ
3. ಎರಡು ಸೋತ ಪ್ರಯತ್ನ: 6 ಸೆಕೆಂಡು, 72 ಚಿತ್ರ
4. ಹುಲಿಯ ಮುಖ, ಕಣ್ಣು ಮಿಟುಕು: 3 ಸೆಕೆಂಡು, 36 ಚಿತ್ರ
5. ಎತ್ತುವುದು, ಎಸೆಯುವುದು: 9 ಸೆಕೆಂಡು, 108 ಚಿತ್ರ
6. ಮುಡಿ ಬೀಳುತ್ತದೆ, ಹುಲಿ ಕುಣಿಯುತ್ತದೆ: 6 ಸೆಕೆಂಡು, 72 ಚಿತ್ರ

ಈ ಆರು ಚೌಕಗಳ ಫೋಟೋ ತೆಗೆದು, ಯಾವುದಾದರೂ ಎಡಿಟಿಂಗ್ ಆ್ಯಪಿನಲ್ಲಿ ಅಷ್ಟಷ್ಟೇ ಹೊತ್ತು ನಿಲ್ಲುವಂತೆ ಜೋಡಿಸಿ ಒಮ್ಮೆ ನೋಡಿ. ಎಲ್ಲಿ ಬೇಸರ ಬರುತ್ತದೋ ಅಲ್ಲಿ ಕತ್ತರಿಸಿ. ಇಲ್ಲಿ ಒಂದು ಸೆಕೆಂಡು ಕತ್ತರಿಸಿದರೆ ಮುಂದೆ 12 ಫೋಟೋ ತೆಗೆಯುವ ಶ್ರಮ ಉಳಿಯಿತು.

ತಾಸೆಯ ಪೆಟ್ಟು ಮೊದಲು

ಕುಣಿತ ಇರುವ ಚಿತ್ರವಾದರೆ ತಾಳವನ್ನು ಮೊದಲೇ ರೆಕಾರ್ಡ್ ಮಾಡಿ. ತಾಸೆ (ಹುಲಿವೇಷಕ್ಕೆ ಕಡ್ಡಿಗಳಿಂದ ಬಾರಿಸುವ ಚರ್ಮವಾದ್ಯ) ಬಾರಿಸುವವರು ಪರಿಚಯದಲ್ಲಿ ಇದ್ದರೆ ಕೇಳಿಕೊಳ್ಳಿ, ಇಲ್ಲದಿದ್ದರೆ ಬಿಸ್ಕತ್ತಿನ ಡಬ್ಬಿ, ಎರಡು ಕಡ್ಡಿ ಸಾಕು. ನಿಮಿಷಕ್ಕೆ 120 ಪೆಟ್ಟಿನ ವೇಗ ಹಿಡಿಯಿರಿ. ಆಗ ಅರ್ಧ ಸೆಕೆಂಡಿಗೆ ಒಂದು ಪೆಟ್ಟು, ಅಂದರೆ ಸರಿಯಾಗಿ ಆರು ಚಿತ್ರಕ್ಕೊಂದು ಪೆಟ್ಟು ಬೀಳುತ್ತದೆ. 1, 7, 13, 19ನೇ ಚಿತ್ರಗಳಲ್ಲಿ ಹುಲಿಯ ಕಾಲು ನೆಲಕ್ಕೆ ತಾಗಬೇಕು ಎಂದು ಕಾಗದದಲ್ಲಿ ಬರೆದಿಟ್ಟುಕೊಂಡರೆ ಕುಣಿತ ತಾಳ ತಪ್ಪುವುದಿಲ್ಲ. ಸಿನಿಮಾ ಹಾಡು ಹಾಕಬೇಡಿ. ಚಿತ್ರವನ್ನು ನಾಳೆ ಎಲ್ಲಾದರೂ ಹಂಚಿಕೊಂಡಾಗ ಹಕ್ಕಿನ ತಕರಾರು ಬರುತ್ತದೆ, ಅದಕ್ಕಿಂತ ಹೆಚ್ಚಾಗಿ ನೀವೇ ಬಾರಿಸಿದ ತಾಳಕ್ಕೆ ನಿಮ್ಮದೇ ಗೊಂಬೆ ಕುಣಿಯುವ ಸಂತೋಷ ಬೇರೆ.

ಗೊಂಬೆ: ಒಳಗೆ ತಂತಿ, ಹೊರಗೆ ಬಟ್ಟೆ

ಗೊಂಬೆಯ ಎತ್ತರ 12ರಿಂದ 15 ಸೆಂ.ಮೀ. ಇರಲಿ. ಇನ್ನೂ ಚಿಕ್ಕದಾದರೆ ಬೆರಳು ಓಡುವುದಿಲ್ಲ, ದೊಡ್ಡದಾದರೆ ಅದರ ಭಾರಕ್ಕೆ ಅದೇ ಬಾಗುತ್ತದೆ.

ಅಸ್ಥಿಪಂಜರಕ್ಕೆ ಅಲ್ಯೂಮಿನಿಯಂ ತಂತಿಯೇ ಬೇಕು. ಕಟ್ಟಡದ ಸರಳು ಕಟ್ಟುವ ಬೈಂಡಿಂಗ್ ವೈರ್ ಕಡಿಮೆ ಬೆಲೆಗೆ ಸಿಗುತ್ತದೆ ನಿಜ, ಆದರೆ ಬಗ್ಗಿಸಿದಲ್ಲಿ ನಿಲ್ಲದೆ ತುಸು ಹಿಂದಕ್ಕೆ ಪುಟಿಯುತ್ತದೆ. ಅಷ್ಟು ಸಾಕು ಚಲನೆ ಕೆಡಲು. ಒಂದು ಮಿ.ಮೀ. ದಪ್ಪದ ಅಲ್ಯೂಮಿನಿಯಂ ತಂತಿಯನ್ನು ಎರಡು ಮಡಿಕೆ ಮಾಡಿ, ಮಡಿಕೆಯ ತುದಿಯನ್ನು ಬಾಗಿಲ ಚಿಲಕಕ್ಕೆ ಸಿಕ್ಕಿಸಿ. ಬಿಡಿ ತುದಿಗಳನ್ನು ಪೆನ್ಸಿಲಿಗೆ ಸುತ್ತಿ, ಬಿಗಿಯಾಗಿ ಎಳೆದು ಹಿಡಿದು, ಪೆನ್ಸಿಲನ್ನು ತಿರುಗಿಸುತ್ತ ಹೋಗಿ. ಹಗ್ಗದಂತೆ ಹೊಸೆದುಕೊಂಡ ತಂತಿ ಒಂಟಿ ತಂತಿಗಿಂತ ಬಹಳ ಹೆಚ್ಚು ಬಾಳುತ್ತದೆ. ಹೊಸೆಯುವಾಗ ಅತಿ ಮಾಡಬೇಡಿ, ತಂತಿ ಗಡುಸಾಗಿ ಅಲ್ಲೇ ತುಂಡಾಗುತ್ತದೆ.

ತಂತಿಯಲ್ಲಿ ಬೆನ್ನು, ಎರಡು ಕೈ, ಎರಡು ಕಾಲು, ಬಾಲ ಮಾಡಿಕೊಳ್ಳಿ. ಎದೆ, ಸೊಂಟ, ತೊಡೆ, ತೋಳುಗಳ ಮೇಲೆ ಎಂ-ಸೀಲ್ (ಒಣಗಿ ಕಲ್ಲಿನಂತಾಗುವ ಅಂಟು ಹಿಟ್ಟು) ಮೆತ್ತಿ ಒಣಗಲು ಬಿಡಿ. ಮೊಣಕಾಲು, ಮೊಣಕೈ, ಕತ್ತು, ನಡುವನ್ನು ಬರಿಯ ತಂತಿಯಾಗಿ ಬಿಡಿ. ಮೂಳೆ ಇರುವಲ್ಲಿ ಬಗ್ಗಬಾರದು, ಕೀಲು ಇರುವಲ್ಲಿ ಮಾತ್ರ ಬಗ್ಗಬೇಕು. ಹೀಗೆ ಮಾಡದ ಗೊಂಬೆಯ ಕೈ ರಬ್ಬರಿನ ಹಾಗೆ ಎಲ್ಲಿ ಬೇಕೆಂದರಲ್ಲಿ ಬಳುಕುತ್ತದೆ.

ಮೈಗೆ ಪ್ಲಾಸ್ಟಿಸಿನ್ ಜೇಡಿ ಬಳಸುವುದು ಎಲ್ಲ ಕಡೆ ಹೇಳುವ ಸಲಹೆ. ನಮ್ಮ ಊರಿಗೆ ನಾನು ಅದನ್ನು ಹೇಳುವುದಿಲ್ಲ. ಏಪ್ರಿಲ್, ಮೇ ತಿಂಗಳ ಮಂಗಳೂರು, ಉಡುಪಿಯ ಸೆಕೆಗೆ, ಅದರ ಮೇಲೆ ಲ್ಯಾಂಪಿನ ಬಿಸಿಗೆ, ಜೇಡಿ ಮೆತ್ತಗಾಗಿ ಗೊಂಬೆ ಜೋಲುತ್ತದೆ. ಹಳದಿಯ ಮೇಲೆ ಕಪ್ಪು ಪಟ್ಟೆ ಬೇರೆ. ನಾಲ್ಕು ಸಲ ಮುಟ್ಟಿದರೆ ಎರಡೂ ಕಲೆತು ಕೊಳಕಾಗುತ್ತದೆ. ಬದಲಿಗೆ ತಂತಿಗೆ ತೆಳುವಾದ ಸ್ಪಂಜ್ ಸುತ್ತಿ, ಅದರ ಮೇಲೆ ಹಳೆಯ ಹಳದಿ ಟೀಶರ್ಟಿನ ಬಟ್ಟೆಯನ್ನು ಬಿಗಿಯಾಗಿ ಹೊಲಿಯಿರಿ. ಪಟ್ಟೆಗಳನ್ನು ಕಪ್ಪು ಪರ್ಮನೆಂಟ್ ಮಾರ್ಕರಿನಲ್ಲಿ ಬರೆಯಿರಿ. ಟೀಶರ್ಟಿನ ಬಟ್ಟೆ ಎಳೆದಂತೆ ಹಿಗ್ಗುವುದರಿಂದ ಕೀಲಿನ ಬಳಿ ಬಿರಿಯುವುದಿಲ್ಲ.

ತಲೆ ಹಗುರವಾಗಿರಬೇಕು. ಥರ್ಮಾಕೋಲ್ ಉಂಡೆಯ ಮೇಲೆ ಬಟ್ಟೆ ಅಂಟಿಸಿದರೆ ಸಾಕು. ಕಣ್ಣಿಗೆ ಬಿಳಿ ಕಾಗದದ ಚಿಕ್ಕ ವೃತ್ತಗಳನ್ನು ಮೂರು ಬಗೆಯಾಗಿ ಮಾಡಿಡಿ: ಪೂರ್ತಿ ತೆರೆದದ್ದು, ಅರ್ಧ ಮುಚ್ಚಿದ್ದು, ಮುಚ್ಚಿದ್ದು. ಕಣ್ಣು ಮಿಟುಕಿಸಲು ಅರ್ಧ, ಮುಚ್ಚು, ಅರ್ಧ, ಒಂದೊಂದೇ ಚಿತ್ರ ಸಾಕು. ಮಿಟುಕದ ಗೊಂಬೆ ಎಷ್ಟು ಚೆನ್ನಾಗಿ ಕುಣಿದರೂ ಜೀವವಿಲ್ಲದಂತೆ ಕಾಣುತ್ತದೆ.

ಪಾದ ನೆಲಕ್ಕೆ ಕಚ್ಚಿಕೊಳ್ಳುವ ಉಪಾಯ ಬೇಕೇ ಬೇಕು. ನೆಲವನ್ನು ಸಾಫ್ಟ್‌ಬೋರ್ಡಿನಲ್ಲಿ ಮಾಡಿದರೆ ಬಟ್ಟೆಯ ಪಾದದ ಮೂಲಕ ಗುಂಡುಸೂಜಿ ಚುಚ್ಚಿ ನಿಲ್ಲಿಸಬಹುದು. ಒಂಟಿ ಕಾಲಿನಲ್ಲಿ ನಿಲ್ಲುವ ಭಂಗಿಯೂ ಬೀಳದೆ ನಿಲ್ಲುತ್ತದೆ.

ಇನ್ನು ಮುಡಿ. ಕಾಗದದ ಉಂಡೆಗೆ ಬೈಹುಲ್ಲಿನ ಎಳೆಗಳನ್ನು ಅಂಟಿಸಿ ಮೇಲಿಂದ ಸೆಣಬಿನ ಹುರಿ ಸುತ್ತಿ. ಒಳಗಿನಿಂದ ಒಂದು ತಂತಿಯ ತುದಿ ಹೊರಗೆ ಬಂದಿರಲಿ, ಅದನ್ನು ಹುಲಿಯ ಬಾಯಿಗೆ ಚುಚ್ಚಿದರೆ ಕಚ್ಚಿಕೊಂಡಂತೆಯೇ ಇರುತ್ತದೆ.

ಸೆಟ್

ಇದರ ಮೇಲೆ ಹೆಚ್ಚು ಹೊತ್ತು ಕಳೆಯಬೇಡಿ. ಹಿನ್ನೆಲೆಗೆ ಎರಡು ಮೂರು ಹಳೆಯ ಮನೆಗಳ ಮುಂಭಾಗ ಸಾಕು. ರಟ್ಟಿನ ಪೆಟ್ಟಿಗೆಯ ಒಂದು ಬದಿಯ ಕಾಗದವನ್ನು ನೀರು ಒರೆಸಿ ಸುಲಿದರೆ ಒಳಗಿನ ಅಲೆಅಲೆ ಪದರ ಕಾಣುತ್ತದೆ. ಅದಕ್ಕೆ ಇಟ್ಟಿಗೆ ಬಣ್ಣ ಹಚ್ಚಿದರೆ ಮಂಗಳೂರು ಹಂಚಿನ ಮಾಡು ಸಿದ್ಧ. ಮಳೆಗಾಲದಲ್ಲಿ ಫೆವಿಕಾಲ್ ಒಣಗಲು ಒಂದು ರಾತ್ರಿ ಪೂರ್ತಿ ಬಿಡಿ, ಕಾಗದ ಸುರುಟದಂತೆ ಮೇಲೆ ಪುಸ್ತಕಗಳ ಭಾರ ಇಡಿ.

ಕಟ್ಟಿಹಾಕುವ ಕೆಲಸ: ಟೇಬಲ್, ಫೋನ್, ಬೆಳಕು

ಮೊದಲು ಜಾಗ. ಹಳೆಯ ಮನೆಗಳ ಮರದ ಅಟ್ಟದ ಮೇಲೆ ಚಿತ್ರೀಕರಣ ಬೇಡ, ಯಾರೋ ನಡೆದರೆ ಹಲಗೆ ಅದುರುತ್ತದೆ. ಕೆಳಗಿನ ಕಾವಿ ನೆಲವೋ ಟೈಲ್ಸ್ ನೆಲವೋ ಒಳ್ಳೆಯದು. ಭಾರದ ಟೇಬಲ್ ಆರಿಸಿ ಗೋಡೆಗೆ ಒತ್ತಿಸಿಡಿ. ಕಾಲು ಅಲ್ಲಾಡಿದರೆ ಅಡಿಗೆ ರಟ್ಟು ಮಡಚಿ ಕೊಡಿ. ಸಾಫ್ಟ್‌ಬೋರ್ಡನ್ನು ಟೇಬಲ್ಲಿಗೆ ಕ್ಲ್ಯಾಂಪ್ ಹಾಕಿ ಬಿಗಿಯಿರಿ. ಎರಡು ಬದಿ ಅಂಟುವ ಟೇಪ್ ನಮ್ಮ ಥಂಡಿಗೆ ಬಿಟ್ಟುಕೊಳ್ಳುತ್ತದೆ, ಅದನ್ನೇ ನಂಬಬೇಡಿ.

ಸ್ಟ್ಯಾಂಡಿನ ಮೂರು ಕಾಲುಗಳನ್ನು ನೆಲಕ್ಕೆ ಟೇಪಿನಲ್ಲಿ ಅಂಟಿಸಿ, ಸುತ್ತ ಗುರುತು ಹಾಕಿ. ನಡುವಿನ ಕೊಕ್ಕೆಗೆ ಒಂದೆರಡು ಕಿಲೋ ಅಕ್ಕಿಯ ಚೀಲ ತೂಗುಹಾಕಿದರೆ ಸ್ಟ್ಯಾಂಡ್ ಕದಲುವುದಿಲ್ಲ. ಫೋನಿಗೆ ಚಾರ್ಜರ್ ವಯರನ್ನು ಶುರುವಿಗೇ ಸಿಕ್ಕಿಸಿ ಸ್ಟ್ಯಾಂಡಿಗೆ ಕಟ್ಟಿಬಿಡಿ. ನಡುವೆ ಸಿಕ್ಕಿಸಿದರೆ ಚೌಕಟ್ಟು ಸರಿಯುವುದು ಖಂಡಿತ. ಫ್ಲೈಟ್ ಮೋಡ್ ಹಾಕಿ. ಕರೆ ಬಂದು ಫೋನ್ ನಡುಗಿದರೆ ಅಲ್ಲಿಯವರೆಗಿನ ಶಾಟ್ ಹೋಯಿತು. ಫೋಟೋ ತೆಗೆಯಲು ಪರದೆ ಮುಟ್ಟಲೇಬೇಡಿ, ಬ್ಲೂಟೂತ್ ರಿಮೋಟ್ (ಫ್ಲೈಟ್ ಮೋಡ್ ಹಾಕಿದ ಮೇಲೆ ಬ್ಲೂಟೂತ್ ಒಂದನ್ನು ಮತ್ತೆ ಆನ್ ಮಾಡಿಕೊಳ್ಳಿ) ಅಥವಾ ಇಯರ್‌ಫೋನಿನ ವಾಲ್ಯೂಮ್ ಬಟನ್ ಬಳಸಿ.

ಆ್ಯಪ್ ವಿಷಯಕ್ಕೆ ಬಂದರೆ, ಫೋನಿಗೆ ಸ್ಟಾಪ್ ಮೋಷನ್ ಸ್ಟುಡಿಯೋ ಸಾಕು, ಉಚಿತ ಆವೃತ್ತಿಯಲ್ಲೇ ಶುರುಮಾಡಬಹುದು. ಕಂಪ್ಯೂಟರಿಗೆ ಕ್ಯಾಮೆರಾ ಜೋಡಿಸಿ ಕೆಲಸ ಮಾಡುವ ವೃತ್ತಿಪರರು ಡ್ರ್ಯಾಗನ್‌ಫ್ರೇಮ್ ಬಳಸುತ್ತಾರೆ, ಮೊದಲ ಚಿತ್ರಕ್ಕೆ ಅದು ಬೇಕಿಲ್ಲ. ಆ್ಯಪಿನಲ್ಲಿ ಮುಖ್ಯವಾಗಿ ಬೇಕಾದದ್ದು ಆನಿಯನ್ ಸ್ಕಿನ್: ಹಿಂದಿನ ಚಿತ್ರ ತೆಳುವಾಗಿ ಕಾಣುತ್ತ, ಅದರ ಮೇಲೆ ಈಗಿನದು ಕಾಣುತ್ತದೆ. ಎಷ್ಟು ಸರಿಸಿದೆ ಎಂಬುದು ಕಣ್ಣಿಗೇ ತಿಳಿಯುತ್ತದೆ.

ಈಗ ಬೆಳಕು. ಹೆಚ್ಚಿನವರು ಸೋಲುವುದು ಇಲ್ಲಿ. ಕಿಟಕಿಯ ಬೆಳಕು ಎಷ್ಟೇ ಚೆಂದವಿದ್ದರೂ ಬೇಡ. ಸೂರ್ಯ ಸರಿಯುತ್ತಾನೆ, ಮೋಡ ಮುಚ್ಚಿ ತೆರೆಯುತ್ತದೆ. ಎರಡು ತಾಸಿನಲ್ಲಿ ತೆಗೆದ ಚಿತ್ರಗಳು ಹತ್ತು ಸೆಕೆಂಡಿನಲ್ಲಿ ಓಡಿದಾಗ ಆ ಬದಲಾವಣೆಯೆಲ್ಲ ಮಿಣಮಿಣ ಮಿನುಗಾಗಿ ಕಾಣುತ್ತದೆ. ಹಂಚಿನ ಮನೆಯಾದರೆ ಮಾಡಿನ ಗಾಜಿನ ಹಂಚನ್ನೂ ನೆನಪಿಡಿ, ಅದರಿಂದ ಬಿದ್ದ ಬಿಸಿಲಿನ ಚೌಕ ನೆಲದ ಮೇಲೆ ನಡೆಯುತ್ತಲೇ ಇರುತ್ತದೆ. ದಪ್ಪ ಪರದೆ ಎಳೆಯಿರಿ, ಇಲ್ಲವೇ ರಾತ್ರಿ ಊಟವಾದ ಮೇಲೆ ಕೆಲಸಕ್ಕೆ ಕೂರಿ.

ಒಂದು ಎಲ್‌ಇಡಿ ಲ್ಯಾಂಪ್ ಗೊಂಬೆಯ ಒಂದು ಪಕ್ಕದಿಂದ ಸ್ವಲ್ಪ ಎತ್ತರದಲ್ಲಿ ಇರಲಿ. ಅದರ ಮುಂದೆ ಬಟರ್ ಪೇಪರ್ ಕಟ್ಟಿದರೆ ನೆರಳಿನ ಅಂಚು ಮೃದುವಾಗುತ್ತದೆ. ಎದುರು ಬದಿಗೆ ಬಿಳಿ ಥರ್ಮಾಕೋಲ್ ಹಾಳೆ ನಿಲ್ಲಿಸಿ, ಚೆಲ್ಲಿದ ಬೆಳಕು ಅದಕ್ಕೆ ತಾಗಿ ಹಿಂದಿರುಗಿ ನೆರಳನ್ನು ತಿಳಿಯಾಗಿಸುತ್ತದೆ. ಎರಡನೆಯ ಲ್ಯಾಂಪನ್ನು ಹಿನ್ನೆಲೆಯ ಮನೆಗಳಿಗೆ ಮೀಸಲಿಡಿ.

ಕ್ಯಾಮೆರಾದ ಆಟೊಮ್ಯಾಟಿಕ್ ಎಲ್ಲವನ್ನೂ ಬಂದ್ ಮಾಡಿ. ಫೋಕಸ್, ಎಕ್ಸ್‌ಪೋಶರ್ (ಒಳಗೆ ಬರುವ ಬೆಳಕಿನ ಪ್ರಮಾಣ), ವೈಟ್ ಬ್ಯಾಲೆನ್ಸ್ (ಬಣ್ಣದ ಹೊಂದಾಣಿಕೆ) ಮೂರೂ ಲಾಕ್ ಆಗಬೇಕು. ಇಲ್ಲವಾದರೆ ನಿಮ್ಮ ಕೈ ಚೌಕಟ್ಟಿನೊಳಗೆ ಹೋಗಿ ಬಂದಾಗಲೆಲ್ಲ ಫೋನ್ ತಾನೇ ಬೆಳಕು ತಿದ್ದುತ್ತದೆ. ಶಟರ್ ವೇಗವನ್ನು 1/50 ಅಥವಾ 1/25ಕ್ಕೆ ಇಡಿ. ನಮ್ಮ ದೇಶದ ವಿದ್ಯುತ್ 50 ಹರ್ಟ್ಸ್, ಬಲ್ಬುಗಳು ಸೆಕೆಂಡಿಗೆ 100 ಸಲ ಏರಿಳಿಯುತ್ತವೆ. ಶಟರ್ ಅದಕ್ಕೆ ಹೊಂದಿದರೆ ಪ್ರತಿ ಚಿತ್ರಕ್ಕೂ ಸಮನಾದ ಬೆಳಕು ಬೀಳುತ್ತದೆ. ಐಎಸ್‌ಒ, ಅಂದರೆ ಕ್ಯಾಮೆರಾ ಬೆಳಕಿಗೆ ಎಷ್ಟು ಸ್ಪಂದಿಸಬೇಕು ಎಂಬ ಅಳತೆ, 100 ಅಥವಾ 200ರಷ್ಟು ಕಡಿಮೆ ಇರಲಿ.

ಬಟ್ಟೆಯ ಕಡೆಗೂ ಗಮನ ಕೊಡಿ. ಬಿಳಿ ಅಂಗಿ ಹಾಕಿ ಲ್ಯಾಂಪಿನ ಹತ್ತಿರ ಕೂತರೆ ನಿಮ್ಮ ಅಂಗಿಯ ಬೆಳಕೇ ಗೊಂಬೆಯ ಮೇಲೆ ಬೀಳುತ್ತದೆ. ಕಪ್ಪು ಅಂಗಿ ಹಾಕಿ, ಪ್ರತಿ ಫೋಟೋಕ್ಕೂ ಒಂದೇ ಜಾಗಕ್ಕೆ ಹಿಂದೆ ಸರಿದು ನಿಲ್ಲಿ. ಫ್ಯಾನ್ ಬಂದ್. ಮನೆಯವರಿಗೆ ಮೊದಲೇ ಹೇಳಿಡಿ: "ಅಮ್ಮ, ಈ ಕೋಣೆಯ ಸ್ವಿಚ್ ಯಾವುದನ್ನೂ ಮುಟ್ಬೇಡಿ." ಕರೆಂಟ್ ಹೋದರೆ ಏನನ್ನೂ ಮುಟ್ಟದೆ ಕಾಯಿರಿ. ಬಂದ ಮೇಲೆ ಲ್ಯಾಂಪ್ ಕೆಲವು ನಿಮಿಷ ಉರಿಯಲಿ, ಒಂದು ಚಿತ್ರ ತೆಗೆದು ಹಿಂದಿನದಕ್ಕೆ ಹೋಲಿಸಿ ನೋಡಿ, ಆಮೇಲೆ ಮುಂದುವರಿಸಿ. ಎ.ಸಿ. ಕೋಣೆಯಿಂದ ಫೋನ್ ಹೊರತಂದ ಕೂಡಲೆ ಲೆನ್ಸಿಗೆ ಮಂಜು ಹಿಡಿಯುತ್ತದೆ, ಅದು ಆರುವವರೆಗೂ ತಾಳ್ಮೆ ಇರಲಿ.

ಕೈ ಪಳಗಿಸುವುದು

ಹುಲಿಯನ್ನು ಮುಟ್ಟುವ ಮೊದಲು ಐದು ರೂಪಾಯಿಯ ನಾಣ್ಯವೊಂದನ್ನು ಟೇಬಲ್ ಮೇಲೆ ಒಂದು ತುದಿಯಿಂದ ಇನ್ನೊಂದಕ್ಕೆ ನಡೆಸಿ. ಮೊದಲ ಸಲ ಪ್ರತಿ ಚಿತ್ರಕ್ಕೂ ಐದು ಮಿ.ಮೀ. ಸರಿಸಿ. ಎರಡನೆಯ ಸಲ 1, 2, 4, 7, 10, 10, 7, 4, 2, 1 ಮಿ.ಮೀ. ಹೀಗೆ. ಎರಡನ್ನೂ ಓಡಿಸಿ ನೋಡಿ. ಮೊದಲನೆಯದು ಯಾರೋ ತಳ್ಳಿದ ನಾಣ್ಯ, ಎರಡನೆಯದು ತಾನೇ ಮನಸ್ಸು ಮಾಡಿ ಹೊರಟು ನಿಂತ ನಾಣ್ಯ. ನಿಧಾನವಾಗಿ ಹೊರಡುವುದು, ನಡುವೆ ವೇಗ ಪಡೆಯುವುದು, ನಿಧಾನವಾಗಿ ನಿಲ್ಲುವುದು. ಈ ಒಂದು ಅಭ್ಯಾಸವನ್ನು ಮಾಡದೆ ಮುಂದೆ ಹೋಗಬೇಡಿ ಮಾರಾಯ್ರೆ, ಇಡೀ ವಿದ್ಯೆ ಇದರಲ್ಲೇ ಇದೆ.

ಬಿಡುವಿದ್ದರೆ ಕುಂದಾಪುರದ ಹತ್ತಿರದ ಉಪ್ಪಿನಕುದ್ರುವಿನ ಯಕ್ಷಗಾನ ಗೊಂಬೆಯಾಟದ ಪ್ರದರ್ಶನವೊಂದನ್ನು ನೋಡಿ ಬನ್ನಿ. ಅದು ಸೂತ್ರದ ಗೊಂಬೆ, ನಮ್ಮದು ತಂತಿಯ ಗೊಂಬೆ, ವಿದ್ಯೆ ಬೇರೆಯೇ. ಆದರೆ ಬಡಗುತಿಟ್ಟಿನ (ಯಕ್ಷಗಾನದ ಬಡಗು ಶೈಲಿಯ) ವೇಷ ತೊಟ್ಟ ಆ ಮರದ ಗೊಂಬೆ ತಿರುಗುವ ಮೊದಲು ತಲೆ ಹೇಗೆ ಹೊರಳುತ್ತದೆ, ಮೈ ಎಷ್ಟು ತಡವಾಗಿ ಹಿಂಬಾಲಿಸುತ್ತದೆ ಎಂದು ಗಮನವಿಟ್ಟು ನೋಡಿದವರ ಕೈ ಬೇರೆಯದೇ ಆಗಿ ಹಿಂದಿರುಗುತ್ತದೆ.

ಮುಡಿಗೆ ಭಾರ ಬರಿಸುವುದು

ಐದನೆಯ ಶಾಟಿನ 108 ಚಿತ್ರಗಳನ್ನು ನಾನು ಹೀಗೆ ಹಂಚುತ್ತೇನೆ. ಮುಡಿಯನ್ನು ದಿಟ್ಟಿಸುವುದಕ್ಕೆ 12. ಇಲ್ಲಿ ಮೈ ಕದಲುವುದಿಲ್ಲ, ಬಾಲದ ತುದಿ ಮಾತ್ರ ಒಂದೊಂದು ಮಿ.ಮೀ. ಆಡುತ್ತದೆ. ಬಾಗುವುದಕ್ಕೆ 10. ಕಚ್ಚಿ ಹಿಡಿದು ನಿಲ್ಲುವುದಕ್ಕೆ 8.

ಮುಂದಿನ 24 ಚಿತ್ರಗಳು ಚಿತ್ರದ ಪ್ರಾಣ. ಮೊದಲ ಎಂಟರಲ್ಲಿ ಹುಲಿಯ ಸೊಂಟ ಮೇಲೇಳುತ್ತದೆ, ಮೊಣಕಾಲು ಬಿಗಿಯುತ್ತದೆ, ಕತ್ತು ಉದ್ದವಾಗುತ್ತದೆ. ಮುಡಿ ಕದಲುವುದಿಲ್ಲ. ಮೈ ಮೊದಲು, ಭಾರ ಆಮೇಲೆ. ಈ ತಡವೇ ನೋಡುವವರ ಕಣ್ಣಿಗೆ ತೂಕವಾಗಿ ಕಾಣುವುದು. ನಂತರದ ಎಂಟರಲ್ಲಿ ಮುಡಿಯ ಒಂದು ಬದಿ ಮಾತ್ರ ನೆಲ ಬಿಡುತ್ತದೆ, ಅರ್ಧ ಮಿ.ಮೀ., ಅರ್ಧ ಮಿ.ಮೀ., ಒಂದು ಮಿ.ಮೀ., ನಡುವೆ ಒಂದು ಚಿತ್ರದಲ್ಲಿ ತುಸು ಹಿಂದಕ್ಕೂ ಜಾರುತ್ತದೆ. ಕೊನೆಯ ಎಂಟರಲ್ಲಿ ಪೂರ್ತಿ ಮೇಲೆ.

ಎತ್ತಿದ ಮೇಲೆ 20 ಚಿತ್ರ ತೂಗಾಡುವುದು. ಮುಡಿ ಎಡಕ್ಕೆ ಹೋದರೆ ಸೊಂಟ ಬಲಕ್ಕೆ ಹೋಗಬೇಕು, ಭಾರ ಎರಡೂ ಕಾಲಿನ ನಡುವೆ ನಿಲ್ಲಬೇಕು. ಎಸೆಯುವ ಮೊದಲು 6 ಚಿತ್ರ ಇನ್ನೂ ಕೆಳಕ್ಕೆ ಬಾಗುವುದು. ಎಸೆತಕ್ಕೆ ಬರೀ 4. ಇಲ್ಲಿ ಧೈರ್ಯವಾಗಿ ದೊಡ್ಡ ಅಂತರ ಇಡಿ, ಚಿತ್ರದಿಂದ ಚಿತ್ರಕ್ಕೆ ಮುಡಿ ಮೂರು ನಾಲ್ಕು ಸೆಂ.ಮೀ. ಹಾರಲಿ. ಉಳಿದ 24 ಚಿತ್ರಗಳಲ್ಲಿ ಹುಲಿ ಹಿಂದಕ್ಕೆ ತೂರಾಡಿ, ನಿಂತು, ಉಸಿರೆಳೆಯುತ್ತದೆ.

ಸೋತ ಪ್ರಯತ್ನಗಳನ್ನೂ ಇದೇ ಕ್ರಮದಲ್ಲಿ ಮಾಡಿ, ಮುಡಿ ಮಾತ್ರ ಕದಲದಿರಲಿ. ಮೊದಲ ಸಲ ಹುಲಿ ಮೇಲೆದ್ದು ಎರಡೇ ಚಿತ್ರಗಳಲ್ಲಿ ಧೊಪ್ಪನೆ ಕೂರಬೇಕು. ಎರಡನೆಯ ಸಲ ನಿಧಾನವಾಗಿ ಜಾರಬೇಕು. ಎರಡೂ ಒಂದೇ ಥರ ಸೋತರೆ ನೋಡುವವರಿಗೆ ಎರಡನೆಯದು ಬೇಡವಾಗುತ್ತದೆ.

ಒಂದು ಶಾಟನ್ನು ಒಂದೇ ಕೂರಿಕೆಯಲ್ಲಿ ಮುಗಿಸಿ. ಅರ್ಧಕ್ಕೆ ಬಿಟ್ಟು ಮಲಗಿದರೆ ಬೆಳಗ್ಗೆ ಗೊಂಬೆಯ ಬಟ್ಟೆ, ಬೋರ್ಡಿನ ಬಿಗಿ ಎಲ್ಲವೂ ಒಂಚೂರು ಬೇರೆಯಾಗಿರುತ್ತದೆ.

ಗಾಳಿಯಲ್ಲಿ ಹಾರುವ ಮುಡಿ

ಸುಲಭದ ದಾರಿ: ಎಸೆದ ಮುಡಿ ನಾಲ್ಕನೆಯ ಚಿತ್ರಕ್ಕೆ ಚೌಕಟ್ಟಿನ ಹೊರಗೆ ಹೋಗಲಿ, ಮುಂದಿನ ಶಾಟಿನಲ್ಲಿ ಬಂದು ಬೀಳಲಿ. ಮೊದಲ ಚಿತ್ರಕ್ಕೆ ನನ್ನ ಸಲಹೆ ಇದೇ.

ಗಾಳಿಯಲ್ಲೇ ತೋರಿಸಬೇಕೆಂಬ ಆಸೆ ಇದ್ದರೆ ಮುಡಿಯನ್ನು ಹಿಂದಿನಿಂದ ಒಂದು ದಪ್ಪ ತಂತಿಗೆ ಸಿಕ್ಕಿಸಿ, ತಂತಿಯ ಬುಡವನ್ನು ಕಲ್ಲಿಗೆ ಎಂ-ಸೀಲಿನಲ್ಲಿ ಕೂರಿಸಿ. ಅದೇ ಬೆಳಕು, ಅದೇ ಲಾಕ್‌ನಲ್ಲಿ ಗೊಂಬೆ, ಮುಡಿ, ತಂತಿ ಯಾವುದೂ ಇಲ್ಲದ ಖಾಲಿ ಸೆಟ್ಟಿನ ಒಂದು ಫೋಟೋ ತೆಗೆದಿಡಿ. ಆಮೇಲೆ ಉಚಿತವಾಗಿ ಸಿಗುವ, ಫೋಟೋ ತಿದ್ದುವ ತಂತ್ರಾಂಶ ಗಿಂಪ್‌ನಲ್ಲಿ ಖಾಲಿ ಫೋಟೋವನ್ನು ಕೆಳಗಿನ ಪದರವಾಗಿ, ತಂತಿ ಇರುವುದನ್ನು ಮೇಲಿನ ಪದರವಾಗಿ ಇಟ್ಟು, ತಂತಿಯನ್ನು ಒರೆಸಿದರೆ ಕೆಳಗಿನ ಹಿನ್ನೆಲೆ ಕಾಣುತ್ತದೆ. ತಂತಿಯ ನೆರಳನ್ನೂ ಒರೆಸಲು ಮರೆಯಬೇಡಿ, ನೋಡುವವರ ಕಣ್ಣು ಅಲ್ಲಿಗೇ ಹೋಗುತ್ತದೆ.

ಜೋಡಣೆ, ಸದ್ದು

ಚಿತ್ರಗಳನ್ನು ಕಂಪ್ಯೂಟರಿಗೆ ಹಾಕಿ ಡಾವಿಂಚಿ ರಿಸಾಲ್ವ್ ಅಥವಾ ಕೆಡೆನ್‌ಲೈವ್ ಎಂಬ ಎಡಿಟಿಂಗ್ ತಂತ್ರಾಂಶದಲ್ಲಿ ಇಮೇಜ್ ಸೀಕ್ವೆನ್ಸ್ (ಸಾಲಾಗಿ ಓಡುವ ಚಿತ್ರಗಳ ಸರಣಿ) ಆಗಿ ತೆರೆಯಿರಿ. ಎರಡಕ್ಕೂ ಹಣ ಕೊಡಬೇಕಿಲ್ಲ. ಒಂದು ಚಿತ್ರ ಎರಡು ಫ್ರೇಮ್ ನಿಲ್ಲುವಂತೆ 24 ಫ್ರೇಮಿನ ಟೈಮ್‌ಲೈನಿನಲ್ಲಿ ಜೋಡಿಸಿದರೆ ಎಲ್ಲ ಪರದೆಗಳಲ್ಲೂ ಸರಿಯಾಗಿ ಓಡುತ್ತದೆ. ಅಳತೆ 1920×1080 ಇರಲಿ.

ಸದ್ದು ಸೇರಿದ ಕ್ಷಣಕ್ಕೆ ಚಿತ್ರ ಎದ್ದು ಕೂರುತ್ತದೆ. ಮುಡಿ ಬೀಳುವ ಸದ್ದಿಗೆ ಬಟ್ಟೆಯ ಚೀಲಕ್ಕೆ ಮೂರು ಕಿಲೋ ಅಕ್ಕಿ ತುಂಬಿ ಚಾಪೆಯ ಮೇಲೆ ಹಾಕಿ. ಎತ್ತುವಾಗಿನ ಸದ್ದಿಗೆ ಬೈಹುಲ್ಲನ್ನು ಮೈಕಿನ ಹತ್ತಿರ ಹಿಸುಕಿ. ಹುಲಿಯ ಏದುಸಿರು ನಿಮ್ಮದೇ. ಫೋನನ್ನು ಬಟ್ಟೆ ತುಂಬಿದ ಕಪಾಟಿನೊಳಗೆ ಇಟ್ಟು ರೆಕಾರ್ಡ್ ಮಾಡಿದರೆ ಕೋಣೆಯ ಗುಂಯ್‌ ಸದ್ದು ಬರುವುದಿಲ್ಲ. ಹಂಚಿನ ಮೇಲೆ ಮಳೆ ಸುರಿಯುತ್ತಿದ್ದರೆ ಅದನ್ನೂ ಎರಡು ನಿಮಿಷ ಬೇರೆಯಾಗಿ ಹಿಡಿದಿಡಿ, ಅಷ್ಟಮಿ ಬರುವುದೇ ಮಳೆಗಾಲದಲ್ಲಿ ತಾನೆ, ಚಿತ್ರದ ಅಡಿಗೆ ಮೆಲ್ಲಗೆ ಹಾಕಬಹುದು. ಮುಡಿ ನೆಲಕ್ಕೆ ತಾಗುವ ಚಿತ್ರಕ್ಕೂ ಧೊಪ್ ಸದ್ದಿಗೂ ಒಂದು ಫ್ರೇಮಿನ ವ್ಯತ್ಯಾಸವೂ ಇರಬಾರದು. ಸದ್ದು ತಡವಾದರೆ ಅಷ್ಟು ಕಷ್ಟಪಟ್ಟು ಕೊಟ್ಟ ತೂಕ ಸೋರಿಹೋಗುತ್ತದೆ.

ಮುಗಿದದ್ದನ್ನು ಮನೆಯ ಟಿ.ವಿ.ಯಲ್ಲಿ ಒಮ್ಮೆ ಸದ್ದಿಲ್ಲದೆ, ಒಮ್ಮೆ ಸದ್ದಿನೊಂದಿಗೆ ನೋಡಿ. ಸದ್ದಿಲ್ಲದಾಗಲೂ ಮುಡಿ ಭಾರ ಅನ್ನಿಸಿದರೆ ಕೆಲಸ ಆಗಿದೆ. ಅನ್ನಿಸದಿದ್ದರೆ ಐದನೆಯ ಶಾಟ್ ಒಂದನ್ನೇ ಮತ್ತೆ ತೆಗೆಯಿರಿ. ಹಾಗಾಗಿ ಈ ನೋಟ ಮುಗಿದು, ಮೂಲ ಫೋಟೋಗಳು ಎರಡು ಬೇರೆ ಬೇರೆ ಕಡೆ ಜೋಪಾನವಾಗುವವರೆಗೆ ಸೆಟ್ ಬಿಚ್ಚಬೇಡಿ, ನೆಲದ ಮೇಲಿನ ಟೇಪಿನ ಗುರುತುಗಳನ್ನೂ ಕೀಳಬೇಡಿ.